ಮಂಗಳವಾರದ ಪ್ರಸ್ಥಾನ

ಎಲ್ಲ ರಾದ್ಧಾಂತಕ್ಕೂ ಮೂಲ ಕಾರಣ ಪ್ರವಾಸ ಮಂಗಳವಾರ ಬಿದ್ದದ್ದು. ಬುಧವಾರ ಬಿದ್ದಿದ್ದರೆ ಅಮೃತೇಶ್ ಎಂದಿನಂತೆ ತಡವಾಗಿ ಹೋಗಿ, ಎಂದಿನಂತೆ ಹತ್ತು ಜನರ ಕೈಲಿ ಅನ್ನಿಸಿಕೊಂಡು, ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತು, ಹೇಗೋ ಕಡಲು ನೋಡಿಕೊಂಡು ಬಂದುಬಿಡುತ್ತಿದ್ದ. ಮಂಗಳವಾರ ಬಿದ್ದದ್ದರಿಂದ ಅವನಿಗೆ ಬುದ್ಧಿ ಉಪಯೋಗಿಸುವ ಅವಕಾಶ ಸಿಕ್ಕಿತು. ಅಲ್ಲಿಂದ ಎಲ್ಲ ಕೆಟ್ಟಿತು.

ಅಮೃತೇಶ್ ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಗೂಡಿನಂಥ ಒಂದು ಕೋಣೆಯಲ್ಲಿ ಕೂತು, ಬಂದ ಬಸ್ಸಿನ ಹೊತ್ತು ಬರೆದು, ಹೊರಡುವ ಬಸ್ಸಿಗೆ ಸೀಟಿ ಊದುವುದು ಅವನ ಕೆಲಸ. ಆ ಕೆಲಸದಲ್ಲಿ ಅವನನ್ನು ಮೀರಿಸಿದವರಿಲ್ಲ. ಸೊಪ್ಪಿನ ಬುಟ್ಟಿ ಹೊತ್ತ ಗೋವಿಂದಮ್ಮ ಗೇಟಿನ ಹತ್ತಿರ ‘ನಿಲ್ಸಿ ಸಾ’ ಎಂದು ಕೂಗುತ್ತ ಓಡಿ ಬರುತ್ತಿದ್ದರೂ ಅವನ ಸೀಟಿ ಅರ್ಧ ನಿಮಿಷ ತಡೆಯುತ್ತಿರಲಿಲ್ಲ. "ಟೈಮ್ ಅಂದ್ರೆ ಟೈಮ್" ಅನ್ನುವುದು ಅವನ ಮಾತು. ಡ್ರೈವರುಗಳು ಬೆನ್ನ ಹಿಂದೆ ಅವನನ್ನೇ ಹಾಗೆ ಕರೆಯುತ್ತಿದ್ದರು.

ಮನೆಯಲ್ಲಿ ಮಾತ್ರ ಈ ಸೀಟಿ ನಡೆಯುತ್ತಿರಲಿಲ್ಲ. ಆರು ವರ್ಷದ ನಂದಿತಾ, ನಾಲ್ಕು ವರ್ಷದ ಮದನ್ ಬೆಳಗಿನ ಹೊತ್ತು ಯಾವ ವೇಳಾಪಟ್ಟಿಗೂ ಬಗ್ಗುವವರಲ್ಲ. ಒಬ್ಬರನ್ನು ಎಬ್ಬಿಸಿ ಕೂರಿಸಿ ಇನ್ನೊಬ್ಬರ ಕಡೆ ತಿರುಗಿದರೆ ಮೊದಲನೆಯವರು ಮತ್ತೆ ಮಲಗಿರುತ್ತಿದ್ದರು. ಹೋದ ವರ್ಷ ಬೀದಿಯ ಐದು ಮನೆಯವರು ಸೇರಿ ಊಟಿಗೆ ಹೋದಾಗ ಮಿನಿ ಬಸ್ಸು ಇವರಿಗಾಗಿ ಒಂದು ಗಂಟೆ ನಲವತ್ತು ನಿಮಿಷ ಕಾದಿತ್ತು. ಕೊನೆಗೂ ಇವರು ಬಂದಾಗ ಮದನನ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಅಮ್ಮನ ಚಪ್ಪಲಿ. ನಂದಿತಾ ನೈಟಿಯ ಮೇಲೆ ಶಾಲೆಯ ಬ್ಯಾಗು ಹಾಕಿಕೊಂಡಿದ್ದಳು. ಪ್ರವಾಸದ ಮುಖಂಡರಾದ ನಿವೃತ್ತ ಹೆಡ್‌ಮಾಸ್ಟರ್ ಪುಟ್ಟಬಸವಯ್ಯನವರು ತಮ್ಮ ಪುಟ್ಟ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಿದ್ದರು.

ದೊಡ್ಡವರ ಕುಹಕವನ್ನು ಅಮೃತೇಶ್ ನುಂಗಿಕೊಂಡಿದ್ದ. ನುಂಗಲಾಗದೆ ಹೋದದ್ದು ಬೇರೆ. ಅವತ್ತಿನಿಂದ ಬೀದಿಯ ಮಕ್ಕಳು ನಂದಿತಾಗೆ ‘ಲೇಟ್ ಪಾರ್ಟಿ’ ಎಂದು ಹೆಸರಿಟ್ಟಿದ್ದರು. ಕುಂಟೆಬಿಲ್ಲೆಯಲ್ಲಿ ಅವಳ ಸರದಿ ಯಾವಾಗಲೂ ಕೊನೆಗೆ. ಯಾಕೆಂದು ಕೇಳಿದರೆ ಲೇಟ್ ಪಾರ್ಟಿಗೆ ಕೊನೆಯ ಸರದಿ ಎಂಬ ಉತ್ತರ. ಈ ವರ್ಷ ಕಲ್ಲಿಕೋಟೆಯ ಕಡಲಿಗೆ ಹೋಗುವುದು ಗೊತ್ತಾದ ದಿನ ಅವಳು ಅಪ್ಪನ ಪಕ್ಕ ಬಂದು ಕೂತು, ಬಹಳ ಹೊತ್ತು ಅವನ ಅಂಗಿಯ ಗುಂಡಿ ತಿರುವಿ, ಕೇಳಿದ್ದಳು:

"ಅಪ್ಪ, ಈ ಸಲ ನಾವೇ ಫಸ್ಟ್ ಹೋಗೋಣ್ವಾ? ಫಸ್ಟ್ ಬಂದೋರಿಗೆ ಡ್ರೈವರ್ ಪಕ್ಕದ ಸೀಟಂತೆ."

ಸಾವಿರಾರು ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದವನಿಗೆ ಆ ಮುಖ ನೋಡಲಾಗಲಿಲ್ಲ. "ಆಗ್ಲಿ ಮಗಳೇ, ನಾವೇ ಫಸ್ಟ್" ಎಂದು ಮಾತು ಕೊಟ್ಟುಬಿಟ್ಟ.

ಪುಟ್ಟಬಸವಯ್ಯನವರ ಅಪ್ಪಣೆ ಹೊರಟಿತು. ಮಂಗಳವಾರ ಬೆಳಗಿನ ನಾಲ್ಕೂವರೆಗೆ ಬಸ್ ಸ್ಟ್ಯಾಂಡ್ ಮುಂದಿನ ಅರಳಿಕಟ್ಟೆ. ಬಂಡೀಪುರದ ಕಾಡಿನ ಗೇಟು ಆರಕ್ಕೆ ತೆಗೆಯುತ್ತದೆ, ಮುಂದಿನ ಸಾಲಿನಲ್ಲಿ ನಿಲ್ಲಬೇಕು. ತಡವಾದವರನ್ನು ಬಿಟ್ಟು ಹೋಗಲಾಗುವುದು. ಈ ಕೊನೆಯ ವಾಕ್ಯ ಹೇಳುವಾಗ ಅವರು ಅಮೃತೇಶನನ್ನು ಬಿಟ್ಟು ಮಿಕ್ಕ ಎಲ್ಲರ ಮುಖ ನೋಡಿದ್ದರು.

ವಿಷಯ ಕೇಳಿ ತಾಯಿ ಚನ್ನಾಜಮ್ಮ ಟಿ.ವಿ.ಯ ಸದ್ದು ಕಡಿಮೆ ಮಾಡಿದಳು. ಮಂಡಿನೋವಿನಿಂದಾಗಿ ಅವಳು ಪ್ರವಾಸಕ್ಕೆ ಬರುವವಳಲ್ಲ, ಆದರೆ ಹೊರಡುವ ಗಳಿಗೆಯ ಹಕ್ಕು ಅವಳದೇ.

"ಮಂಗಳವಾರ ಒಸ್ಲು ದಾಟ್ಕಂಡು ದೂರದೂರಿಗೆ ಓಯ್ತಾರೇನ್ಲಾ? ನಿಮ್ಮಪ್ಪ ಮಂಗಳವಾರ ಪಕ್ಕದ ಮೂಗೂರಿಗೂ ಓಯ್ತಿರ್ನಿಲ್ಲ."

"ಗಾಡಿ ಬುಕ್ಕಾಗೈತೆ ಕಣವ್ವ. ನಾನೊಬ್ಬ ಬೇಡ ಅಂದ್ರೆ ಉಗೀತಾರೆ."

"ಬ್ಯಾಡ ಅನ್ನು ಅಂದ್ನಾ? ಸೋಮವಾರ ಸಂದೇಲಿ ಪ್ರಸ್ತಾನ ಇಟ್ಬುಡು."

ಪ್ರಸ್ಥಾನ ಇಡುವುದು ಆ ಕಡೆಯ ಹಿರಿಯರು ಕಂಡುಕೊಂಡ ಸುಲಭದ ದಾರಿ. ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ, ಹಿಂದಿನ ಒಳ್ಳೆಯ ಗಳಿಗೆಯಲ್ಲಿ ಒಂದು ಬಟ್ಟೆಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡಬೇಕು. ಗಂಟು ಹೋದರೆ ಮನುಷ್ಯ ಹೊರಟ ಹಾಗೇ ಲೆಕ್ಕ. ಮರುದಿನ ಆ ಗಂಟನ್ನು ಎತ್ತಿಕೊಂಡು ಮುಂದೆ ಹೋದರಾಯಿತು. ಒಂದೇ ಕಟ್ಟಳೆ, ಇಟ್ಟದ್ದು ಹಿಂದಕ್ಕೆ ಮನೆಗೆ ಬರಬಾರದು.

ಅಮೃತೇಶನಿಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ಆದರೆ ‘ಗಂಟು’ ಅಂದಾಗ ಅವನ ಕಣ್ಣಿಗೆ ಕಂಡದ್ದು ಹೊದಿಕೆಯೊಳಗೆ ಗಂಟಾಗಿ ಮಲಗಿದ್ದ ಇಬ್ಬರು ಮಕ್ಕಳು.

"ಅವ್ವ, ಗಂಟಿನ ಬದ್ಲು ಮಕ್ಕಳನ್ನೇ ಇಟ್ರೆ?"

ಚನ್ನಾಜಮ್ಮ ಬಹಳ ಹೊತ್ತು ಯೋಚಿಸಿದಳು. "ಗಂಟು ಓದ್ರೇನೇ ಮನುಸ ಓದಂಗೆ. ಮನುಸನೇ ಓದ್ರೆ ಇನ್ನೇನೈತೆ. ಮೂವತ್ತಾರು ವರ್ಸಕ್ಕೆ ಒಂದು ನೆಟ್ಟಗಿರೋ ಮಾತಾಡ್ದೆ ಕಣ್ ಮಗ."

ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ, ಅರಳಿಕಟ್ಟೆಗೆ ಐವತ್ತು ಹೆಜ್ಜೆ ದೂರದಲ್ಲಿ ಕೆಂಪಾಜಮ್ಮನ ಮನೆ. ಇಡ್ಲಿ ಮಾಡಿ ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಮಾರುವ ಹೆಂಗಸು. ಬೆಳಗಿನ ಮೂರಕ್ಕೆ ಏಳುತ್ತಾಳೆ. ಮಕ್ಕಳನ್ನು ಸಂಜೆಯೇ ಪ್ರವಾಸದ ಬಟ್ಟೆ ತೊಡಿಸಿ ಅಲ್ಲಿ ಮಲಗಿಸಿದರೆ ಬೆಳಿಗ್ಗೆ ಸ್ನಾನವಿಲ್ಲ, ಬಟ್ಟೆಯಿಲ್ಲ, ಹುಡುಕಾಟವಿಲ್ಲ. ಎತ್ತಿಕೊಂಡು ನಡೆದರೆ ಮುಗಿಯಿತು. ಅಮೃತೇಶ್ ಹೋಗಿ ಕೇಳಿದಾಗ ಅವಳು ನಕ್ಕಳು.

"ಬುಡಿ ಸಾ, ಅದ್ಕೇನಂತೆ. ನಮ್ ಗ್ರೈಂಡರ್ ಸದ್ದಿಗೆ ಸತ್ತೋರೂ ಎದ್ ಕೂತ್ಕತಾರೆ."

ಸೋಮವಾರ ಸಂಜೆ ಆರಕ್ಕೆ ಮಕ್ಕಳು ಸಿದ್ಧರಾದರು. ಮದನನಿಗೆ ಹೊಸ ಜೀನ್ಸು, ನಂದಿತಾಗೆ ಹಳದಿ ಫ್ರಾಕು, ಬಿಗಿಯಾದ ಎರಡು ಜಡೆ, ಬಿಳಿಯ ಕಾಲುಚೀಲ. ಚನ್ನಾಜಮ್ಮ ಇಬ್ಬರ ಹಣೆಗೂ ವಿಭೂತಿ ಹಚ್ಚಿ ಬಾಗಿಲಲ್ಲಿ ನಿಂತಳು. "ಇಂದಕ್ ತಿರುಗಿ ನೋಡ್ಬ್ಯಾಡಿ. ಇನ್ಮೇಲೆ ಊರಿಂದ ವಾಪಸ್ ಬರೋಗಂಟ ಈ ಒಸ್ಲು ತುಳಿಯಂಗಿಲ್ಲ."

ಕಾಲು ಗಂಟೆಯಲ್ಲಿ ಮದನ್ ತನ್ನ ಕೆಂಪು ಹೊದಿಕೆ ಬೇಕೆಂದು ಅತ್ತ. ಅಮೃತೇಶ್ ಮನೆಗೆ ಬಂದರೆ ತಾಯಿ ಹೊಸ್ತಿಲಲ್ಲೇ ತಡೆದು ಹೊದಿಕೆಯನ್ನು ಕೈಗೆ ಕೊಟ್ಟಳು. ಆಮೇಲೆ ಹಾಲಿನ ಲೋಟ. ಮಕ್ಕಳನ್ನು ಬಿಟ್ಟು ನಾನಿರಲಾರೆ ಎಂದು ಹೆಂಡತಿ ರಮ್ಯ ಆಗಲೇ ಕೆಂಪಾಜಮ್ಮನ ಮನೆ ಸೇರಿದ್ದಳು. ಅವಳ ಶಾಲು ತರಲು ಮೂರನೆಯ ಸಲ ಬಂದಾಗ ಚನ್ನಾಜಮ್ಮ ಶಾಲಿನ ಜೊತೆಗೆ ಮಗನ ಚೀಲವನ್ನೂ ಹೊರಗಿಟ್ಟಳು.

"ನೀನೂ ಅಲ್ಲೇ ಬಿದ್ಕೊ ಓಗು. ಅವ್ರು ಸೋಮವಾರ, ನೀನು ಮಂಗಳವಾರ ಅಂದ್ರೆ ಒಂದೇ ಸಂಸಾರ ಎರಡ್ ದಿನ ಒಂಟಂಗಾಯ್ತದೆ."

ಅವನ ಫೋನು ಒಳಗೆ ಚಾರ್ಜಿಗೆ ಹಾಕಿದ್ದು ಹಾಗೆಯೇ ಉಳಿಯಿತು. ನೆನಪಾದಾಗ ಅವನು ಕೆಂಪಾಜಮ್ಮನ ಚಾಪೆಯ ಮೇಲಿದ್ದ. ಬೆಳಿಗ್ಗೆ ನೋಡೋಣ ಎಂದುಕೊಂಡ.

ಮೂರು ಗಂಟೆಗೆ ಗ್ರೈಂಡರ್ ಶುರುವಾಯಿತು. ಅಮೃತೇಶ್ ಬೆಚ್ಚಿ ಎದ್ದು ಕೂತ, ರಮ್ಯ ಎದ್ದಳು, ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. ಮಕ್ಕಳು ಮಗ್ಗುಲು ಬದಲಿಸಿದರು, ಅಷ್ಟೆ. ಸತ್ತವರ ವಿಷಯ ಬೇರೆ, ಮಕ್ಕಳ ವಿಷಯ ಬೇರೆ ಎಂದು ಕೆಂಪಾಜಮ್ಮನೂ ಒಪ್ಪಿಕೊಂಡಳು.

ಮದನನನ್ನು ಎತ್ತಿಕೊಂಡಾಗ ಹೊಸ ಜೀನ್ಸು ಒದ್ದೆಯಾಗಿತ್ತು. ಹಿಂದಿನ ದಿನವೇ ಬಟ್ಟೆ ತೊಡಿಸುವ ಉಪಾಯದಲ್ಲಿ ಈ ಒಂದು ಅಂಶವನ್ನು ಅಮೃತೇಶ್ ಎಣಿಸಿರಲಿಲ್ಲ. ಚೀಲ ಬಿಚ್ಚಿ ಬೇರೆ ಚಡ್ಡಿ ಹುಡುಕಿದರು. ನಂದಿತಾಳ ಒಂದು ಜಡೆ ಬಿಚ್ಚಿಹೋಗಿ, ಇನ್ನೊಂದು ಮುಗಿಲು ನೋಡುತ್ತಿತ್ತು. ರಮ್ಯ ಕೂತು ಮತ್ತೆ ಹೆಣೆದಳು. ಅಷ್ಟರಲ್ಲಿ ಕೆಂಪಾಜಮ್ಮ ಮೊದಲ ಒಬ್ಬೆಯ ಇಡ್ಲಿಯ ಮುಚ್ಚಳ ತೆಗೆದಳು. ಹಬೆ ಅಡುಗೆಮನೆಯಿಂದ ನಡುಮನೆಗೆ ಬಂದದ್ದೇ ಮದನ್ ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದ. ಬಾಯಿಗೆ ಇಡ್ಲಿ ಬಿತ್ತು. ಎರಡನೆಯ ಇಡ್ಲಿಗೆ ಒಂದು ಕಣ್ಣು, ಮೂರನೆಯದಕ್ಕೆ ಇನ್ನೊಂದು ಕಣ್ಣು ತೆರೆಯಿತು. ಮತ್ತೆ ಮುಚ್ಚದಿರಲಿ ಎಂದು ರಮ್ಯ ತನ್ನ ಫೋನಿನಲ್ಲಿ ಕಾರ್ಟೂನು ಹಾಕಿ ಅವನ ಕೈಗೆ ಕೊಟ್ಟಳು.

ನಂದಿತಾಗೆ ಇಷ್ಟೆಲ್ಲ ಬೇಕಾಗಲಿಲ್ಲ. "ಫಸ್ಟ್ ಹೋಗ್ಬೇಕಲ್ಲ ಮಗಳೇ" ಎಂದು ಅಪ್ಪ ಕಿವಿಯಲ್ಲಿ ಅಂದಕೂಡಲೇ ಎದ್ದು, ದಿಂಬಿನ ಕೆಳಗಿನಿಂದ ಬೂಟು ತೆಗೆದು ಹಾಕಿಕೊಂಡಳು. ಎಡಬಲ ಸರಿಯಾಗಿಯೇ ಇತ್ತು.

ನಾಲ್ಕೂ ಕಾಲಿಗೆ ನಾಲ್ಕು ಜನ ಅರಳಿಕಟ್ಟೆಯ ಮೇಲಿದ್ದರು. ಸುತ್ತ ಒಬ್ಬರೂ ಇಲ್ಲ. ನಂದಿತಾ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಕಟ್ಟೆಯ ಹಿಂದೆಯೂ ಒಂದು ಸಲ ಹೋಗಿ ನೋಡಿ ಬಂದಳು.

"ಅಪ್ಪ, ನಾವೇ ಫಸ್ಟ್."

"ಮತ್ತೆ ಇನ್ನೇನು" ಎಂದ ಅಮೃತೇಶ್. ಹನ್ನೆರಡು ವರ್ಷದ ಸರ್ವೀಸಿನಲ್ಲಿ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ಪುಟ್ಟಬಸವಯ್ಯನವರು ಬಂದಿಳಿದಾಗ ಹೇಗೆ ನಿಂತಿರಬೇಕು ಎಂದು ಯೋಚಿಸಿದ. ಕೈಕಟ್ಟಿ ನಿಲ್ಲುವುದು ಸರಿ ಅನ್ನಿಸಿತು.

ನಾಲ್ಕೂವರೆ ಆಯಿತು. ನಾಲ್ಕು ನಲವತ್ತಾಯಿತು. ಇವತ್ತು ಮಿಕ್ಕವರೇ ಲೇಟು ಎಂಬುದು ಖಾತ್ರಿಯಾದಾಗ ಅವನಿಗೆ ಇನ್ನೂ ಖುಷಿಯಾಯಿತು. ಕೈಕಟ್ಟುವುದರ ಜೊತೆಗೆ ಒಂದು ಮಾತನ್ನೂ ಸಿದ್ಧಮಾಡಿಕೊಂಡ: ಪರವಾಗಿಲ್ಲ ಸರ್, ಮಕ್ಕಳಿರೋ ಮನೆ, ಆಗುತ್ತೆ. ಐದು ಹೊಡೆದಾಗ ಆ ಮಾತು ಹುಳಿಯಾಗತೊಡಗಿತು.

"ಫೋನ್ ಮಾಡ್ರೀ ಯಾರ್ಗಾದ್ರೂ" ಎಂದಳು ರಮ್ಯ.

ಅವಳ ಫೋನನ್ನು ಮದನನ ಕಾರ್ಟೂನು ಆಗಲೇ ಮುಗಿಸಿತ್ತು. ಅಮೃತೇಶ್ ಮನೆಯ ಕಡೆ ಓಡಿದ.

ಚನ್ನಾಜಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು. ಮಗನನ್ನು ಕಂಡು ಚೊಂಬನ್ನು ಅಡ್ಡ ಹಿಡಿದಳು. "ಯಾಕ್ಲಾ ಬಂದೆ? ಒಸ್ಲು ತುಳೀಬ್ಯಾಡ."

"ತುಳಿಯಲ್ಲ ಕಣವ್ವ. ಫೋನ್ ತಂದ್ಕೊಡು. ಗಾಡಿ ಇನ್ನೂ ಬಂದಿಲ್ಲ."

"ಯಾಕ್ ಬಂದಿಲ್ಲ? ಇಲ್ಗೇ ಬಂದಿತ್ತಲ್ಲ. ನಾಕ್ ಗಂಟೆ ಮ್ಯಾಲೆ ಹತ್ತು ನಿಮಿಸ ಆಗಿತ್ತೇನೋ. ಎಲ್ಲಾರೂ ಒಳ್ಗೇ ಕೂತಿದ್ರು. ಮೇಷ್ಟ್ರು ಇಳಿದು ಬಂದು ಅಮೃತೇಶ್ ಎದ್ನಾ ಅಂದ್ರು."

"ನೀನೇನಂದೆ?"

"ಇದ್ದದ್ದಂದೆ. ನೆನ್ನೆ ಸಂದೇಲೇ ಒಂಟೋದ್ರು ಅಂದೆ."

"ಕೆಂಪಾಜಮ್ಮನ ಮನೇಲವ್ರೆ ಅನ್ಬಾರ್ದಾಗಿತ್ತಾ?"

"ಅಂಗನ್ನೋ ಅಂಗಿದ್ರೆ ಪ್ರಸ್ತಾನ ಯಾಕಿಡ್ಬೇಕಿತ್ಲಾ? ಮಂಗಳವಾರ ಒಂಟ್ರು ಅಂತ ನನ್ ಬಾಯಲ್ಲೇ ಅಂದ್ಬುಟ್ರೆ ಇಟ್ಟದ್ದೆಲ್ಲ ನೀರ್ಗಾಕ್ದಂಗೆ. ನಂಜನಗೂಡಿಗಾ ಅಂದ್ರು. ಊಂ, ಆ ಕಡೀಕೇ ಅಂದೆ. ಸುಳ್ಳಾ?"

ಸುಳ್ಳಲ್ಲ. ಕಡಲಿಗೆ ಹೋಗುವ ದಾರಿ ನಂಜನಗೂಡಿನ ಮೇಲೆಯೇ. ರಮ್ಯಳ ತವರುಮನೆ ಇರುವುದೂ ನಂಜನಗೂಡಿನಲ್ಲೇ.

ಫೋನಿನಲ್ಲಿ ಒಂಬತ್ತು ಮಿಸ್ಡ್ ಕಾಲ್ ಇದ್ದವು. ಮಾಡಿದ. ಪುಟ್ಟಬಸವಯ್ಯನವರು ಮೊದಲ ರಿಂಗಿಗೇ ಎತ್ತಿಕೊಂಡರು.

"ಎಲ್ರೀ ಇದ್ದೀರಿ? ನಾವೆಲ್ಲ ನಿಮ್ಮ ಮಾವನವರ ಮನೆ ಬಾಗಿಲಲ್ಲಿದ್ದೀವಿ. ಮಗಳು ಬಂದೇ ಇಲ್ಲ ಅಂತ ಅವರು ಗಾಬರಿಯಾಗಿದ್ದಾರೆ."

"ಸರ್, ನಾವು ಅರಳಿಕಟ್ಟೆ ಹತ್ರ. ನಾಲ್ಕೂ ಕಾಲಿಂದ ಕಾಯ್ತಾ ಇದ್ದೀವಿ."

"ಯಾವ ಅರಳಿಕಟ್ಟೆ?"

"ನಮ್ಮೂರ್ದೇ ಸರ್."

ಆಮೇಲೆ ಒಂದೊಂದಾಗಿ ತಿಳಿಯಿತು. ಹೋದ ವರ್ಷದ ಅನುಭವದಿಂದ ಮೇಷ್ಟ್ರು ಮಿಕ್ಕ ನಾಲ್ಕು ಮನೆಯವರಿಗೆ ಗುಟ್ಟಾಗಿ ನಾಲ್ಕು ಗಂಟೆ ಎಂದು ಹೇಳಿದ್ದರು. ಎಲ್ಲರನ್ನೂ ಅವರವರ ಬಾಗಿಲಲ್ಲೇ ಹತ್ತಿಸಿಕೊಂಡು, ಕೊನೆಗೆ ಅಮೃತೇಶನ ಬಾಗಿಲಿಗೆ ಬಂದು, ಎಲ್ಲರೂ ಸೇರಿ ಅವನನ್ನು ಎಬ್ಬಿಸುವುದು ಯೋಜನೆ. ಚನ್ನಾಜಮ್ಮನ ಮಾತು ಕೇಳಿ, ಜಾಣ, ಹಿಂದಿನ ದಿನವೇ ಮಾವನ ಮನೆ ಸೇರಿದ್ದಾನೆ ಎಂದು ಮೆಚ್ಚಿಕೊಂಡು ಕಟ್ಟೆಯ ಕಡೆ ತಿರುಗದೆ ನೇರ ಹೋಗಿದ್ದರು.

"ಅಂದ್ರೆ ಅಮೃತೇಶ್," ಎಂದರು ಮೇಷ್ಟ್ರು, ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ, "ಈಗ ಐದು ಗಂಟೆ ಹತ್ತು ನಿಮಿಷ. ನೀವಿನ್ನೂ ಊರೇ ಬಿಟ್ಟಿಲ್ಲ."

ಅಮೃತೇಶ್ ಫೋನು ಕಿವಿಗಿಟ್ಟುಕೊಂಡೇ ಕಟ್ಟೆಯ ಕಡೆ ನಡೆಯತೊಡಗಿದ.

"ಐದೂ ಇಪ್ಪತ್ತರ ಬಸ್ ಹಿಡೀರಿ. ನಾನು ಖಂಡಿತ ಕಾಯ್ತಿರಲಿಲ್ಲ. ಆದ್ರೆ ನಿಮ್ಮ ಮಾವನವರು ಡ್ರೈವರ್ ಕೈಯಿಂದ ಬೀಗದ ಕೈ ಕಿತ್ಕೊಂಡು ಕಾಫಿ ಕುಡೀದೆ ಬಿಡಲ್ಲ ಅಂತ ಕೂತಿದ್ದಾರೆ."

ಐದೂ ಇಪ್ಪತ್ತರ ನಂಜನಗೂಡು ಬಸ್ಸು ಅಮೃತೇಶನೇ ವರ್ಷಾನುಗಟ್ಟಲೆ ಹೊರಡಿಸಿದ ಬಸ್ಸು. ಡ್ರೈವರ್ ಕೃಷ್ಣಕುಮಾರ್ ಎಂಜಿನ್ ಶುರುಮಾಡಿದ್ದ. ಚೀಲ ಹತ್ತಿತು, ರಮ್ಯ ಹತ್ತಿದಳು, ನಂದಿತಾ ಹತ್ತಿದಳು. ಮೆಟ್ಟಿಲ ಮೇಲೆ ಕಾಲಿಟ್ಟ ಮದನ್ ಕಾಲು ಹಿಂದೆ ತೆಗೆದ.

"ಅಪ್ಪ, ಸುಸ್ಸು."

"ಒಂದೇ ನಿಮಿಷ ಕೃಷ್ಣಕುಮಾರ್" ಎಂದ ಅಮೃತೇಶ್.

ಕೃಷ್ಣಕುಮಾರ್ ಗಡಿಯಾರ ನೋಡಿದ. ಇಂಥ ದಿನ ಇನ್ನೊಮ್ಮೆ ಬರಲಾರದು ಎಂಬುದು ಅವನಿಗೆ ಗೊತ್ತಿತ್ತು. "ಟೈಮ್ ಅಂದ್ರೆ ಟೈಮ್ ಅಂತ ನೀವೇ ಅಲ್ವಾ ಸಾ ಹೇಳೋದು" ಎಂದು ಗೇರು ಹಾಕಿದ.

ಬಸ್ಸಿನೊಳಗೆ ಒಂದಿಬ್ಬರು ನಕ್ಕರು. ಆಗ ಮುಂದಿನ ಸೀಟಿನಿಂದ ಒಂದು ಹೆಂಗಸಿನ ದನಿ ಬಂತು. "ನಿಲ್ಸಪ್ಪಾ ಸ್ವಲ್ಪ. ಮಗೀಗೇನು ಗೊತ್ತು ಟೈಮು." ಸೊಪ್ಪಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಗೋವಿಂದಮ್ಮ ಕೂತಿದ್ದಳು. ಬಸ್ಸು ನಿಂತಿತು.

ಮದನನನ್ನು ಎತ್ತಿಕೊಂಡು ಹತ್ತಿದ ಅಮೃತೇಶನಿಗೆ ಅವಳ ಎದುರು ಕೂರಲು ಕಷ್ಟವಾಯಿತು. ಅವಳು ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡ ಹಾಗೆ ಕಾಣಲಿಲ್ಲ. "ಕೊಡಿ ಸಾ ಮಗೀನ, ಸ್ವಲ್ಪ ಮಲಗ್ಲಿ" ಎಂದು ಮದನನನ್ನು ಮಡಿಲಿಗೆ ಎಳೆದುಕೊಂಡಳು. ಅವಳನ್ನು ಬಿಟ್ಟು ಹೋದ ಬೆಳಗುಗಳಲ್ಲಿ ಅವಳ ಸೊಪ್ಪು ಏನಾಗುತ್ತಿತ್ತೋ ಎಂದು ಅವನು ಮೊದಲ ಸಲ ಯೋಚಿಸಿದ.

ನಂದಿತಾ ಮಾತ್ರ ನಿದ್ದೆ ಮಾಡಲಿಲ್ಲ. ಫ್ರಾಕು ಸುಕ್ಕಾಗದ ಹಾಗೆ ಸೀಟಿನ ತುದಿಯಲ್ಲಿ ಕೂತಿದ್ದಳು.

"ಅಪ್ಪ, ಈಗ್ಲೂ ನಾವೇ ಫಸ್ಟಾ?"

"ನೋಡೋಣ ಮಗಳೇ" ಎಂದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ನಂಜನಗೂಡಿನಲ್ಲಿ ಇಳಿದಾಗ ಆರೂ ಕಾಲು. ಮಾವ ಗುರುಮಲ್ಲಪ್ಪನವರದು ಬಾಳೆಹಣ್ಣಿನ ಮಂಡಿ, ಮಂಡಿಯ ಹಿಂದೆಯೇ ಮನೆ. ಬಾಗಿಲಲ್ಲಿ ಮಿನಿ ಬಸ್ಸು ನಿಂತಿತ್ತು. ಅಮೃತೇಶ್ ಬೈಗುಳಕ್ಕೆ ಮುಖ ಸಿದ್ಧಮಾಡಿಕೊಂಡು ಹತ್ತಿರ ಹೋದ. ಬಸ್ಸಿನಲ್ಲಿ ಒಬ್ಬರೂ ಇರಲಿಲ್ಲ. ಡ್ರೈವರ್ ಮಾದಯ್ಯ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

ನಡುಮನೆಯಲ್ಲಿ ಯುದ್ಧ ಮುಗಿದ ಹಾಗಿತ್ತು. ಗುರುಮಲ್ಲಪ್ಪನವರು, ಪಾಪ ಮಕ್ಕಳು, ಅಲ್ಲೀವರೆಗೆ ಸ್ವಲ್ಪ ಅಡ್ಡಾಗಲಿ ಎಂದು ಜಮಖಾನ ಹಾಸಿದ್ದರಂತೆ. ನಾಲ್ಕು ಮನೆಯ ಒಂಬತ್ತು ಮಕ್ಕಳು ಅದರ ಮೇಲೆ ಅಡ್ಡಾದಿಡ್ಡಿ ಮಲಗಿದ್ದವು. ಬೆಲ್ಟು ಬಿಚ್ಚಿತ್ತು, ರಿಬ್ಬನ್ನು ಬಿದ್ದಿತ್ತು, ಹದಿನೆಂಟು ಬೂಟುಗಳು ಮೂಲೆಯಲ್ಲಿ ಒಂದೇ ರಾಶಿಯಾಗಿದ್ದವು. ಗಂಡಸರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಆರಾಮಕುರ್ಚಿಯಲ್ಲಿ ಪುಟ್ಟಬಸವಯ್ಯನವರು ಎದೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ನಿದ್ದೆ ಹೋಗಿದ್ದರು.

ಅಡುಗೆಮನೆಯಿಂದ ಹೊರಬಂದ, ನರಸೀಪುರದಲ್ಲಿ ಇವರ ಎದುರುಮನೆಯ ಶಾಲಿನಿ ಬಾಗಿಲಲ್ಲಿ ನಿಂತ ನಂದಿತಾಳನ್ನು ಮೇಲಿಂದ ಕೆಳಗೆ ನೋಡಿದಳು. ಹಳದಿ ಫ್ರಾಕು, ಎರಡು ಜಡೆ, ಬಿಳಿಯ ಕಾಲುಚೀಲ, ಹಣೆಯ ಮೇಲೆ ಅಳಿಸದ ವಿಭೂತಿ.

"ನೋಡ್ರೇ, ಅಮೃತೇಶ್ ಅವರ ಮಕ್ಕಳು ಎಷ್ಟು ನೀಟಾಗಿ ರೆಡಿಯಾಗಿ ಬಂದಿದ್ದಾರೆ."

ರಮ್ಯ ಪ್ರಸ್ಥಾನದ ಕತೆ ಹೇಳಿದಳು. ಹೆಂಗಸರು ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಆ ಸದ್ದಿಗೆ ಮೇಷ್ಟ್ರು ಎದ್ದು, ಗಡಿಯಾರ ನೋಡಿ, "ಹತ್ತಿ, ಹತ್ತಿ, ಎಲ್ಲರೂ ಹತ್ತಿ" ಎಂದು ಚಪ್ಪಾಳೆ ತಟ್ಟಿದರು. ಒಂಬತ್ತರಲ್ಲಿ ಒಂದೂ ಅಲುಗಲಿಲ್ಲ.

ಮೂರೂವರೆಗೆ ಒಂದು ಸಲ ಎಬ್ಬಿಸಿದ ಮಕ್ಕಳನ್ನು ಮತ್ತೆ ಎಬ್ಬಿಸುವುದು ಹುಡುಗಾಟವಲ್ಲ. ಒಬ್ಬರು ನೀರು ಚಿಮುಕಿಸಿದರು. ಒಬ್ಬರು ಐಸ್‌ಕ್ರೀಮ್ ಕೊಡಿಸುವೆನೆಂದರು. ಇನ್ನೊಬ್ಬರು ಮಗನನ್ನು ನಿಲ್ಲಿಸಿ ಕೈಬಿಟ್ಟರೆ ಅವನು ಮಡಿಸಿದ ಬಟ್ಟೆಯ ಹಾಗೆ ಕುಸಿದ. ಹೋದ ವರ್ಷ ಮುಂದಿನ ಸೀಟಿನಲ್ಲಿ ಕೂತು ಲೊಚಗುಟ್ಟಿದ್ದ ಶಾಲಿನಿ ಈಗ ನೆಲದ ಮೇಲೆ ಕೂತು, ಎಡಗಾಲಿನ ಬೂಟನ್ನು ಬಲಗಾಲಿಗೆ ತುರುಕುತ್ತಿದ್ದಳು, ಅಳುವುದೊಂದು ಬಾಕಿಯಿತ್ತು.

ಅಮೃತೇಶ್ ನಿಂತು ನೋಡಿದ. ಇಷ್ಟು ದಿನ ಇದು ತನ್ನ ಒಂದು ಮನೆಯ ಅವಮಾನ ಎಂದುಕೊಂಡಿದ್ದ. ಎಲ್ಲ ಮನೆಯಲ್ಲೂ ಬೆಳಗು ಹೀಗೇ ಆಗುತ್ತದೆ, ಮಿಕ್ಕವರ ಮನೆಯ ಬಾಗಿಲು ಮುಚ್ಚಿರುತ್ತದೆ, ಅಷ್ಟೆ. ನಗು ಬರಬೇಕಾಗಿತ್ತು, ಬರಲಿಲ್ಲ. ಶಾಲಿನಿಯ ಪಕ್ಕ ಕೂತು ಬೂಟಿನ ರಾಶಿಯಲ್ಲಿ ಜೋಡಿ ಹುಡುಕತೊಡಗಿದ.

ಆಗ ನಂದಿತಾ ಜಮಖಾನದ ಮೇಲೆ ಮೊಣಕಾಲೂರಿ ಶಾಲಿನಿಯ ಮಗನ ಕಿವಿಗೆ ಬಾಯಿಟ್ಟಳು. ಪಕ್ಕದಲ್ಲಿದ್ದ ಅಮೃತೇಶನಿಗೆ ಅದು ಕೇಳಿಸಿತು.

"ಎದ್ದೇಳೋ. ಇಲ್ದಿದ್ರೆ ನಿನ್ನೂ ಲೇಟ್ ಪಾರ್ಟಿ ಅಂತಾರೆ. ತುಂಬ ಬೇಜಾರಾಗತ್ತೆ ಕಣೋ."

ಹುಡುಗ ಕಣ್ಣು ಬಿಟ್ಟು ಎದ್ದು ಕೂತ. ಅವಳು ಮುಂದಿನ ಮಗುವಿನ ಬಳಿಗೆ ಹೋದಳು. ಅಣಕವಿಲ್ಲ, ಸೇಡಿಲ್ಲ, ಗೊತ್ತಿರುವವಳು ಗೊತ್ತಿಲ್ಲದವರಿಗೆ ಹೇಳುವ ಹಾಗೆ ಒಂಬತ್ತು ಕಿವಿಗಳಲ್ಲೂ ಅದೇ ಮಾತು ಹೇಳಿದಳು. ಒಂಬತ್ತೂ ಎದ್ದವು. ಅಮೃತೇಶ್ ಬೂಟಿನ ರಾಶಿಯ ಮೇಲೆ ಬಗ್ಗಿದವನು ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ. ಕಣ್ಣು ಒದ್ದೆಯಾಗಿತ್ತು.

ಹದಿನೆಂಟು ಬೂಟು ಹದಿನೆಂಟು ಕಾಲಿಗೆ ಸೇರುವ ಹೊತ್ತಿಗೆ ಏಳಕ್ಕೆ ಐದು ನಿಮಿಷ. ಐದೂ ಕಾಲಿಗೆ ನಂಜನಗೂಡು ದಾಟಬೇಕಾಗಿತ್ತು. ಮೇಷ್ಟ್ರು ಬಸ್ಸಿನ ಬಾಗಿಲಲ್ಲಿ ನಿಂತು ನೋಟ್‌ಬುಕ್ ತೆರೆದರು. ಅಮೃತೇಶ್ ಓರೆಗಣ್ಣಿನಿಂದ ನೋಡಿದ. ‘ವಿಳಂಬ: ಒಂದು ಗಂಟೆ ನಲವತ್ತು ನಿಮಿಷ. ಕಾರಣ: ಅಮೃತೇಶ್.’ ಎದುರು ಪುಟದಲ್ಲಿ ಹೋದ ವರ್ಷದ ತಾರೀಕಿನ ಕೆಳಗೆ ಅಕ್ಷರ ಹೆಚ್ಚುಕಡಿಮೆಯಿಲ್ಲದೆ ಅದೇ ಸಾಲಿತ್ತು.

"ಸರ್, ಮಕ್ಕಳು ಎಲ್ಲರಿಗಿಂತ ಮುಂಚೆ…" ಎಂದು ಶುರುಮಾಡಿದ.

"ಅದನ್ನೇ ಹೇಳೋಕೆ ಬಂದೆ" ಎಂದರು ಮೇಷ್ಟ್ರು. "ನಾಳೆ ಐದಕ್ಕೆ ದೋಣಿ ನೋಡೋಕೆ ಹೋಗ್ಬೇಕು. ನಾಡಿದ್ದು ನಾಲ್ಕೂವರೆಗೆ ಜಲಪಾತ. ಹೆಂಗಸರೆಲ್ಲ ಒಟ್ಟಾಗಿ ಹೇಳ್ತಿದ್ದಾರೆ, ಮಕ್ಕಳನ್ನ ಎಬ್ಬಿಸಿ ರೆಡಿ ಮಾಡೋ ಕಲೆ ನಮ್ಮಲ್ಲಿ ನಿಮಗೊಬ್ಬರಿಗೇ ಗೊತ್ತು ಅಂತ. ಇವತ್ತು ಸಂಜೆಯಿಂದ ಹನ್ನೊಂದು ಮಕ್ಕಳದೂ ಪ್ರಸ್ಥಾನ ನಿಮ್ಮ ರೂಮಲ್ಲೇ."

"ಡ್ರೆಸ್ ಹಾಕಿ ತಂದು ಬಿಡ್ತೀವಿ ಸರ್, ನೀವು ಎಬ್ಬಿಸಿದ್ರೆ ಸಾಕು" ಎಂದಳು ಶಾಲಿನಿ.

ಹಿಂದಿನ ದಿನವೇ ಡ್ರೆಸ್ ಹಾಕಿದರೆ ಬೆಳಿಗ್ಗೆ ಜೀನ್ಸಿನ ಗತಿ ಏನಾಗುತ್ತದೆ ಎಂದು ಹೇಳಲು ಅಮೃತೇಶ್ ಬಾಯಿ ತೆರೆದ. ರಮ್ಯ ಅವನನ್ನು ಒಂದು ನೋಟ ನೋಡಿದಳು. ಬಾಯಿ ಮುಚ್ಚಿ ಹತ್ತಿದ.

ಡ್ರೈವರ್ ಪಕ್ಕದ ಸೀಟಿನಲ್ಲಿ ನಂದಿತಾ ಆಗಲೇ ಕೂತಿದ್ದಳು. ಮೇಲೆದ್ದ ಗಡಿಬಿಡಿಯಲ್ಲಿ ಎಲ್ಲರೂ ಬೂಟು ಹುಡುಕುತ್ತಿದ್ದಾಗ ಬಂದು ಹತ್ತಿದ್ದಳು. ಯಾರೂ ಏಳು ಅನ್ನಲಿಲ್ಲ.

"ಅಪ್ಪ, ನಾನೇ ಫಸ್ಟ್ ಹತ್ತಿದ್ದು. ಮಾದಯ್ಯ ಅಂಕಲ್‌ನ ಬೇಕಾದ್ರೆ ಕೇಳು."

"ಹೌದು ಸಾ, ಪಾಪುನೇ ಫಸ್ಟು" ಎಂದ ಮಾದಯ್ಯ.

ಊರು ದಾಟುವ ಮೊದಲೇ ಅವಳ ತಲೆ ಬಾಗಿಲಿಗೆ ಒರಗಿತು. ಗುಂಡ್ಲುಪೇಟೆಯ ಹೊತ್ತಿಗೆ ಒಂದು ಬೂಟು ಕಳಚಿ ಬಿತ್ತು. ಹಿಂದಿನಿಂದ ಬಗ್ಗಿ ಅಮೃತೇಶ್ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅಂಗೈಯಷ್ಟಿದ್ದ ಬೂಟು. ಇನ್ನು ನಾಲ್ಕು ವರ್ಷ ಕಳೆದರೆ ಅವಳೇ ಎದ್ದು, ಅವಳೇ ಜಡೆ ಹಾಕಿಕೊಂಡು, ಇವನಿಗೇ ಬೇಗ ಬಾ ಅನ್ನುತ್ತಾಳೆ. ಆಗ ಇಂಥ ಬೆಳಗುಗಳು ಬೇಕೆಂದರೂ ಸಿಗುವುದಿಲ್ಲ ಎನಿಸಿ ಅವನಿಗೆ ಸಣ್ಣಗೆ ನೋವಾಯಿತು.

ಕಾಡಿನ ಗೇಟು ದಾಟಿ ಸ್ವಲ್ಪ ದೂರ ಹೋದಾಗ ಮಾದಯ್ಯ ಬಸ್ಸನ್ನು ನಿಧಾನ ಮಾಡಿದ. ರಸ್ತೆಯ ಬದಿಯಲ್ಲಿ ಮರಿಯ ಜೊತೆ ಎರಡು ಆನೆಗಳಿದ್ದವು. ಹತ್ತು ಮಕ್ಕಳು ಕಿಟಕಿಗೆ ಮುತ್ತಿದವು.

"ಪಾಪುನ ಎಬ್ಸಿ ಸಾ, ಆನೆ ನೋಡ್ಲಿ" ಎಂದ ಮಾದಯ್ಯ.

ಅಮೃತೇಶ್ ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. ನಾಳೆ ನಸುಕಿನಲ್ಲಿ ಹನ್ನೊಂದು ಮಕ್ಕಳನ್ನು ಎಬ್ಬಿಸಬೇಕಾದವನು ಇವತ್ತು ಈ ಒಂದನ್ನು ಮಲಗಲು ಬಿಟ್ಟ.